ಮಾಲೀಕನಿಲ್ಲದ ಕಾರ್ಖಾನೆಯಲ್ಲಿ ಡೈರೆಕ್ಟರ್‌ಗೆ ಏನು ಕೆಲಸ?

ಪ್ರಶ್ನೆ: ನಮ್ಮಪ್ಪ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಸೋವಿಯತ್ ಕಾರ್ಖಾನೆಗಳೂ ನಮ್ಮದರ ಹಾಗೇ ಇದ್ದವು ಅಂತ ಹೇಳುತ್ತಿದ್ದರು. ಅಲ್ಲಿ ಮಾಲೀಕನಿಲ್ಲ, ಪೈಪೋಟಿಯಿಲ್ಲ, ಮಾಲು ಮಾರುವ ಚಿಂತೆಯೂ ಇಲ್ಲ. ಹಾಗಾದರೆ ಡೈರೆಕ್ಟರ್ ಅನ್ನಿಸಿಕೊಂಡವನು ದಿನವಿಡೀ ಮಾಡುತ್ತಿದ್ದದ್ದೇನು? ಮೇಲಿನಿಂದ ಬಂದ ಆದೇಶಕ್ಕೆ ಸಹಿ ಹಾಕೋದಷ್ಟೇನಾ? ಇನ್ನೊಂದು ಪ್ರಶ್ನೆ: ಇವತ್ತಿನ ಕಂಪ್ಯೂಟರ್‌ಗಳು ಆಗಲೇ ಇದ್ದಿದ್ದರೆ ಆ ವ್ಯವಸ್ಥೆ ಉಳಿದುಕೊಳ್ಳುತ್ತಿತ್ತಾ?

ಉತ್ತರ: ಸಹಿ ಹಾಕಿ ಕೂರುವ ಕೆಲಸ ಅದಾಗಿರಲಿಲ್ಲ. ನಿದ್ದೆಗೆಟ್ಟು ಓಡಾಡುವ ಕೆಲಸ. ನಮ್ಮ ಕಡೆ ಕಂಪನಿ ನಡೆಸುವವನ ತಲೆನೋವು ಗಿರಾಕಿ. ಅಲ್ಲಿ ಗಿರಾಕಿಯನ್ನು ಸರ್ಕಾರವೇ ಗೊತ್ತುಮಾಡಿ ಕೊಡುತ್ತಿತ್ತು, ಮಾಡಿದ್ದೆಲ್ಲ ಹೋಗುತ್ತಿತ್ತು. ಡೈರೆಕ್ಟರ್ ಹುಡುಕುತ್ತಿದ್ದದ್ದು ಗಿರಾಕಿಯನ್ನಲ್ಲ, ಕಚ್ಚಾ ಮಾಲನ್ನು. ತಗಡು, ಬೇರಿಂಗ್, ಕೇಬಲ್, ಬಣ್ಣ, ಕೊನೆಗೆ ಪ್ಯಾಕಿಂಗ್‌ಗೆ ಹಲಗೆ. ನಮ್ಮಲ್ಲಿ ಮಾರಾಟ ವಿಭಾಗಕ್ಕೆ ಇರುವ ಮರ್ಯಾದೆ ಅಲ್ಲಿ ಖರೀದಿ ವಿಭಾಗಕ್ಕಿತ್ತು. ಈ ಒಂದು ಮಾತು ಹಿಡಿದುಕೊಂಡರೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಮೊದಲು ಯಾರು ಯಾರ ಕೈಕೆಳಗೆ ಅನ್ನೋದನ್ನು ಹೇಳಿಬಿಡುತ್ತೇನೆ. ಯೋಜನಾ ಮಂಡಳಿ ಗೋಸ್‌ಪ್ಲಾನ್ ಹುಟ್ಟಿದ್ದು 1921ರಲ್ಲಿ. ಮೊದಲ ಪಂಚವಾರ್ಷಿಕ ಯೋಜನೆ ಶುರುವಾದದ್ದು 1928ರಲ್ಲಿ. ಗೋಸ್‌ಪ್ಲಾನ್ ಕೆಳಗೆ ಒಂದೊಂದು ಉದ್ಯಮಕ್ಕೆ ಒಂದೊಂದು ಸಚಿವಾಲಯ, ಅದರ ಕೆಳಗೆ ಕಾರ್ಖಾನೆ. 1957ರಲ್ಲಿ ಆಗಿನ ಸೋವಿಯತ್ ನಾಯಕ ಕ್ರುಶ್ಚೇವ್ ಈ ಸಚಿವಾಲಯಗಳನ್ನು ಎತ್ತಿಹಾಕಿ ಪ್ರಾದೇಶಿಕ ಮಂಡಳಿಗಳನ್ನು ತಂದರು. 1965ರಲ್ಲಿ ಮತ್ತೆ ಸಚಿವಾಲಯಗಳೇ ಬಂದವು. ಕಾರ್ಖಾನೆಯ ಒಳಗೆ ಡೈರೆಕ್ಟರ್ ಮಾತೇ ಕೊನೆಯ ಮಾತು, ಕಾಗದದ ಮೇಲೆ. ನಿಜದಲ್ಲಿ ಪಕ್ಷದ ಕಾರ್ಯದರ್ಶಿ ಮತ್ತು ಕಾರ್ಮಿಕ ಸಂಘದ ಅಧ್ಯಕ್ಷ, ಈ ಇಬ್ಬರನ್ನೂ ಜೊತೆಗಿಟ್ಟುಕೊಂಡೇ ನಡೆಯಬೇಕಿತ್ತು. ಪಕ್ಷದ ಕಾರ್ಯದರ್ಶಿ ಅಂದರೆ ಬರೀ ಕಾವಲುಗಾರ ಅಂದುಕೊಳ್ಳಬೇಡಿ. ರೈಲ್ವೆ ವ್ಯಾಗನ್ ಸಿಗದಿದ್ದಾಗ ಜಿಲ್ಲಾ ಪಕ್ಷದ ಕಚೇರಿಗೆ ಫೋನ್ ಮಾಡಿ ಕೊಡಿಸುತ್ತಿದ್ದವನೂ ಅವನೇ. ಆ ಫೋನ್ ಇಲ್ಲದೆ ಎಷ್ಟೋ ಕಾರ್ಖಾನೆ ನಡೆಯುತ್ತಿರಲಿಲ್ಲ.

ಪ್ರತಿ ವರ್ಷ ಕಾರ್ಖಾನೆಗೊಂದು ದಪ್ಪ ಯೋಜನಾ ಪುಸ್ತಕ ತಯಾರಾಗುತ್ತಿತ್ತು. ಯಾವ ಮಾಲು ಎಷ್ಟು, ಎಷ್ಟು ಜನರಿಂದ, ಒಟ್ಟು ಸಂಬಳ ಎಷ್ಟು, ಎಷ್ಟು ಲೋಹ, ಎಷ್ಟು ವಿದ್ಯುತ್, ಯಾವ ವೆಚ್ಚದಲ್ಲಿ, ಎಷ್ಟು ಲಾಭಕ್ಕೆ, ಎಲ್ಲವೂ ಅದರಲ್ಲಿ. ಲಾಭವೂ ಇತ್ತು, ಗಮನಿಸಿ. ಅಲ್ಲಿ ಲಾಭವೇ ಇರಲಿಲ್ಲ ಅನ್ನೋದು ತಪ್ಪು ತಿಳುವಳಿಕೆ. ಬೆಲೆಯನ್ನೂ ಸರ್ಕಾರವೇ ಗೊತ್ತುಮಾಡುತ್ತಿದ್ದರಿಂದ ಆ ಲಾಭಕ್ಕೆ ಅರ್ಥ ಕಡಿಮೆ, ಅಷ್ಟೇ. ಒಮ್ಮೆ ಮೇಲಿನವರು ಒಪ್ಪಿದರೆ ಈ ಪುಸ್ತಕಕ್ಕೆ ಕಾನೂನಿನ ಬಲ.

ಆದರೆ ಆ ಅಂಕಿಗಳು ಮೇಲಿನಿಂದ ಸುಮ್ನೆ ಉದುರುತ್ತಿರಲಿಲ್ಲ. ಗೋಸ್‌ಪ್ಲಾನ್‌ನಲ್ಲಿ ಕೂತವರಿಗೆ ಉರಲ್ ಪರ್ವತದ ಆಚೆಗಿನ ಒಂದು ಕಾರ್ಖಾನೆಯ ಲೇತ್ ನಿಜವಾಗಿ ಎಷ್ಟು ಕೆಲಸ ಮಾಡುತ್ತದೆ ಅಂತ ಗೊತ್ತಾಗೋದು ಹೇಗೆ? ಗೊತ್ತಿದ್ದವನು ಡೈರೆಕ್ಟರ್ ಒಬ್ಬನೇ. ಅವನು ಪೂರ್ತಿ ಹೇಳುತ್ತಿರಲಿಲ್ಲ. ನೂರು ಯಂತ್ರ ಮಾಡುವ ತಾಕತ್ತು ಇದ್ದರೆ ಎಂಬತ್ತು ಅನ್ನುತ್ತಿದ್ದ. ಬೇಕಾದ ಉಕ್ಕನ್ನು ಮಾತ್ರ ಜಾಸ್ತಿ ಬರೆಯುತ್ತಿದ್ದ. ಸಚಿವಾಲಯದವರೂ ದಡ್ಡರಲ್ಲ, ಅವರಲ್ಲೂ ಎಷ್ಟೋ ಜನ ಹಿಂದೆ ಡೈರೆಕ್ಟರ್ ಆಗಿದ್ದವರೇ. ಕೇಳಿದ ಉಕ್ಕಿಗೆ ಕತ್ತರಿ ಹಾಕಿ, ಹೇಳಿದ ಉತ್ಪಾದನೆಗೆ ಒಂದಿಷ್ಟು ಸೇರಿಸಿ ವಾಪಸ್ ಕಳಿಸುತ್ತಿದ್ದರು. ಕತ್ತರಿ ಬೀಳುತ್ತದೆ ಅಂತ ಗೊತ್ತಿದ್ದ ಡೈರೆಕ್ಟರ್ ಮುಂದಿನ ವರ್ಷ ಇನ್ನಷ್ಟು ಜಾಸ್ತಿ ಕೇಳುತ್ತಿದ್ದ. ನಮ್ಮಲ್ಲಿ ಇಲಾಖೆಗಳ ಬಜೆಟ್ ಕೇಳಿಕೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎಲ್ಲಕ್ಕಿಂತ ಕೆಟ್ಟ ಗಂಟು ಇನ್ನೊಂದಿತ್ತು. ಮುಂದಿನ ವರ್ಷದ ಗುರಿಯನ್ನು ಈ ವರ್ಷದ ಸಾಧನೆಯ ಮೇಲೆ ಒಂದಿಷ್ಟು ಸೇರಿಸಿ ಗೊತ್ತುಮಾಡುತ್ತಿದ್ದರು. ಗುರಿ 100 ಇದ್ದು ಈ ವರ್ಷ 130 ಮಾಡಿದರೆ ಮುಂದಿನ ವರ್ಷ 130ರಿಂದಲೇ ಲೆಕ್ಕ ಶುರು. ಹಾಗಾಗಿ ಬುದ್ಧಿವಂತ ಡೈರೆಕ್ಟರ್ 102 ಇಲ್ಲವೇ 103ಕ್ಕೆ ನಿಲ್ಲಿಸುತ್ತಿದ್ದ. ಕಾರ್ಮಿಕರಿಗೂ ಇದು ಗೊತ್ತಿತ್ತು. 1935ರ ಆಗಸ್ಟ್ ಕೊನೆಯಲ್ಲಿ ದೊನ್‌ಬಾಸ್‌ನ ಗಣಿಯೊಂದರಲ್ಲಿ ಅಲೆಕ್ಸೈ ಸ್ತಖಾನೊವ್ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ಕಡಿದ. ಲೆಕ್ಕದ ಪ್ರಕಾರ ಕಡಿಯಬೇಕಾಗಿದ್ದದ್ದು 7 ಟನ್. ಅವನ ಹಿಂದೆ ಮರದ ಆಸರೆ ಕೊಡಲು ಬೇರೆ ಆಳುಗಳಿದ್ದರು, ಇಡೀ ಪಾಳಿಯನ್ನು ಪಕ್ಷದವರು ಮೊದಲೇ ಸಜ್ಜು ಮಾಡಿದ್ದರು, ಅದು ಬೇರೆ ಮಾತು. ಕಾರ್ಮಿಕರ ಮನಸ್ಸಿನಲ್ಲಿ ಉಳಿದದ್ದು ಆಮೇಲಿನದು. 1936ರಲ್ಲಿ ಒಂದೊಂದಾಗಿ ಎಲ್ಲ ಉದ್ಯಮಗಳಲ್ಲೂ ದಿನದ ಕೆಲಸದ ಮಟ್ಟವನ್ನು ಏರಿಸಿದರು. ಪಕ್ಕದವನು ಜಾಸ್ತಿ ಮಾಡಿದರೆ ನಮ್ಮ ಹೊಟ್ಟೆಗೆ ಹೊಡೆತ ಅನ್ನುವ ಪಾಠ ಅಲ್ಲಿಂದ ಗಟ್ಟಿಯಾಯಿತು.

ಇನ್ನು ಬೋನಸ್. ನೂರಕ್ಕೆ ನೂರು ಮುಟ್ಟಿದರೆ ಡೈರೆಕ್ಟರ್‌ಗೆ, ಎಂಜಿನಿಯರ್‌ಗಳಿಗೆ ಬೋನಸ್. 99 ಆದರೆ ಕೈ ಖಾಲಿ. ಆ ಒಂದು ಶೇಕಡಾಕ್ಕಾಗಿ ನಡೆಯದ ಕಸರತ್ತಿಲ್ಲ. ಅರ್ಧ ಆದ ಯಂತ್ರವನ್ನು ಪೂರ್ತಿಯಾಗಿದೆ ಅಂತ ಬರೆದುಕೊಳ್ಳೋದು, ಮುಂದಿನ ತಿಂಗಳ ಮಾಲನ್ನು ಈ ತಿಂಗಳಿಗೆ ಎಳೆದುಕೊಳ್ಳೋದು. ಇಂಥ ಸುಳ್ಳು ಲೆಕ್ಕಕ್ಕೆ 1961ರಲ್ಲಿ ಜೈಲು ಶಿಕ್ಷೆಯ ಕಾನೂನೇ ಬಂತು. ಅಷ್ಟಾದರೂ ನಿಲ್ಲಲಿಲ್ಲ. ಯಾಕಂದರೆ ಕೆಳಗಿನವರು ಗುರಿ ಮುಟ್ಟದಿದ್ದರೆ ಸಚಿವಾಲಯದ ಗುರಿಯೂ ತಪ್ಪುತ್ತಿತ್ತು, ಅವರ ಬೋನಸ್ಸೂ ಹೋಗುತ್ತಿತ್ತು. ಹಾಗಾಗಿ ಡಿಸೆಂಬರ್ ಹೊತ್ತಿಗೆ ಹಿಂದುಳಿದ ಕಾರ್ಖಾನೆಯ ಗುರಿಯನ್ನು ಸಚಿವಾಲಯವೇ ಸದ್ದಿಲ್ಲದೆ ಇಳಿಸಿಕೊಡುತ್ತಿತ್ತು. ವರ್ಷದ ಕೊನೆಗೆ ಬಹುತೇಕ ಎಲ್ಲರೂ ಪಾಸ್.

ಈಗ ಕಚ್ಚಾ ಮಾಲಿನ ಕಥೆಗೆ ಬರೋಣ. ಇದನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು. ಒಂದು ಯಂತ್ರ ಕಾರ್ಖಾನೆ ಅಂತ ಇಟ್ಟುಕೊಳ್ಳಿ. ಮುಂದಿನ ವರ್ಷಕ್ಕೆ ಬೇಕಾದ ಉಕ್ಕಿನ ಬೇಡಿಕೆ ಪಟ್ಟಿಯನ್ನು ಈ ವರ್ಷದ ಮಧ್ಯದೊಳಗೇ ಕಳಿಸಬೇಕು. ಮುಂದಿನ ವರ್ಷ ಏನು ಮಾಡಬೇಕು ಅನ್ನುವ ಆದೇಶ ಇನ್ನೂ ಬಂದೇ ಇರುವುದಿಲ್ಲ. ಊಹೆಯ ಮೇಲೆ ಪಟ್ಟಿ. ಅದು ಸಚಿವಾಲಯಕ್ಕೆ, ಅಲ್ಲಿಂದ ಗೋಸ್‌ಪ್ಲಾನ್‌ಗೂ ಗೋಸ್‌ಸ್ನಾಬ್ ಅನ್ನುವ ಸರಬರಾಜು ಮಂಡಳಿಗೂ ಹೋಗುತ್ತದೆ. ಗೋಸ್‌ಪ್ಲಾನ್ ತಾನೇ ನೇರವಾಗಿ ಲೆಕ್ಕ ಹಾಕುತ್ತಿದ್ದದ್ದು ಸುಮಾರು 2,000 ಬಗೆಯ ಸರಕಿಗೆ. ಒಂದು ಕಡೆ ಇಷ್ಟು ಹುಟ್ಟುತ್ತದೆ, ಇನ್ನೊಂದು ಕಡೆ ಇಷ್ಟು ಬೇಕು, ಎರಡನ್ನೂ ಸರಿದೂಗಿಸುವ ತಖ್ತೆ. ಉಳಿದ ಸಾವಿರಾರು ಸರಕುಗಳ ಲೆಕ್ಕ ಕೆಳಗಿನ ಕಚೇರಿಗಳಲ್ಲಿ. ಕೊನೆಗೆ ಕಾರ್ಖಾನೆಗೆ ಒಂದು ಹಂಚಿಕೆ ಸಿಗುತ್ತದೆ: ಇಷ್ಟು ಟನ್ ಉಕ್ಕು. ಅದನ್ನು ಹಿಡಿದು ಮತ್ತೆ ಅಲೆದರೆ ಯಾವ ಗಿರಣಿಯಿಂದ, ಯಾವ ಅಳತೆಯದು ಅನ್ನುವ ಚೀಟಿ. ಅಲ್ಲಿಗೆ ವರ್ಷದ ಮೊದಲ ಮೂರು ತಿಂಗಳು ಕಳೆದರೂ ಆಶ್ಚರ್ಯವಿಲ್ಲ.

ಚೀಟಿ ಸಿಕ್ಕಿತು ಅಂದರೆ ಮಾಲು ಸಿಕ್ಕಿತು ಅಂತಲ್ಲ. ನಿಮಗೆ 4 ಮಿಲಿಮೀಟರ್ ತಗಡು ಬೇಕು. ಗಿರಣಿಯ ಗುರಿ ಟನ್‌ನಲ್ಲಿದೆ. ತೆಳುವಾದದ್ದನ್ನು ಉರುಳಿಸುತ್ತ ಕೂತರೆ ಅವರ ಟನ್ ತುಂಬುವುದಿಲ್ಲ. ಹಾಗಾಗಿ 6 ಮಿಲಿಮೀಟರಿನದು ಬಂದು ಇಳಿಯುತ್ತದೆ. ಬೇಡ ಅಂತ ವಾಪಸ್ ಕಳಿಸುತ್ತೀರಾ? ಕಳಿಸಿದರೆ ಬೇರೆ ಎಲ್ಲಿಂದ ತರುತ್ತೀರಿ? ದುಡ್ಡು ಕೊಟ್ಟು ಬೇರೆ ಕಡೆ ಕೊಳ್ಳುವ ಮಾತೇ ಇಲ್ಲ. ಕಾರ್ಖಾನೆಯ ಹಣ ಗೋಸ್‌ಬ್ಯಾಂಕ್ ಅನ್ನುವ ಸರ್ಕಾರಿ ಬ್ಯಾಂಕಿನ ಖಾತೆಯಲ್ಲಿ ಅಂಕಿಯಾಗಿ ಇರುತ್ತಿತ್ತು. ಹಂಚಿಕೆ ಚೀಟಿ ಇಲ್ಲದೆ ಆ ಅಂಕಿಗೆ ಒಂದು ಕೆಜಿ ಉಕ್ಕೂ ಬರುತ್ತಿರಲಿಲ್ಲ. ಅದನ್ನು ನಗದಾಗಿ ತೆಗೆಯುವ ಹಾಗೂ ಇರಲಿಲ್ಲ. ಸಂಬಳಕ್ಕೆ ಮಾತ್ರ ನಗದು, ಅದಕ್ಕೂ ಪ್ರತ್ಯೇಕ ಮಿತಿ. ತಪ್ಪು ಮಾಲು ಕಳಿಸಿದವರ ಮೇಲೆ ದಂಡ ಹಾಕಿಸುವ ನಿಯಮವೇನೋ ಇತ್ತು. ಮುಂದಿನ ವರ್ಷವೂ ಅದೇ ಗಿರಣಿಯ ಬಾಗಿಲಿಗೆ ಹೋಗಬೇಕಾದವರು ದಂಡ ಹಾಕಿಸಲು ಹಿಂದೆಮುಂದೆ ನೋಡುತ್ತಿದ್ದರು.

ಇದಕ್ಕೆ ಡೈರೆಕ್ಟರ್‌ಗಳು ಕಂಡುಕೊಂಡ ದಾರಿಗಳಲ್ಲಿ ಮೊದಲನೆಯದು ಕೂಡಿಡೋದು. ಸಿಕ್ಕಾಗ ಸಿಕ್ಕಿದ್ದನ್ನು ಗೋದಾಮಿಗೆ ತುಂಬೋದು, ಬೇಕಾಗಲಿ ಬಿಡಲಿ. ಒಬ್ಬರಿಗೆ ಬೇಡದ ಮೋಟಾರ್ ಇನ್ನೊಬ್ಬರಿಗೆ ಬೇಕಿರುತ್ತದೆ, ಬದಲಿಗೆ ಕೇಬಲ್ ಸಿಗುತ್ತದೆ. ಎರಡನೆಯದು ಎಲ್ಲವನ್ನೂ ತಾನೇ ಮಾಡಿಕೊಳ್ಳೋದು. ಟ್ರ್ಯಾಕ್ಟರ್ ಕಾರ್ಖಾನೆಯ ಒಳಗೇ ಎರಕದ ಮನೆ, ಬೋಲ್ಟು ನಟ್ಟು ಮಾಡುವ ಶಾಪು, ಬಿಡಿಭಾಗದ ಶಾಪು. ಬೋಲ್ಟಿಗೆ ವೆಚ್ಚ ಹಲವು ಪಟ್ಟು ಆದರೂ ಪರವಾಗಿಲ್ಲ, ಕೈಯಲ್ಲಿ ಇರುತ್ತದಲ್ಲ.

ಮೂರನೆಯವನೇ ತೊಲ್ಕಾಚ್. ಖರೀದಿ ವಿಭಾಗದ ಓಡಾಟದ ಮನುಷ್ಯ. ಹುದ್ದೆಗಳ ಪಟ್ಟಿಯಲ್ಲಿ ಇಂಥ ಹುದ್ದೆಯೇ ಇರುತ್ತಿರಲಿಲ್ಲ, ಬೇರೆ ಯಾವುದೋ ಹೆಸರಿನಲ್ಲಿ ಅವನ ಸಂಬಳ. ಸೂಟ್‌ಕೇಸ್ ಹಿಡಿದು ಗಿರಣಿ ಇರುವ ಊರಿಗೆ ಹೋಗಿ ಹೋಟೆಲಿನಲ್ಲಿ ವಾರಗಟ್ಟಲೆ ತಳವೂರುತ್ತಿದ್ದ. ಸೂಟ್‌ಕೇಸಿನಲ್ಲಿ ಕೊನ್ಯಾಕ್, ಸಾಸೇಜ್, ತನ್ನ ಊರಿನಲ್ಲಿ ಮಾತ್ರ ಸಿಗುವ ಏನಾದರೂ. ರವಾನೆ ವಿಭಾಗದ ಗುಮಾಸ್ತೆಯ ಮಗಳ ಮದುವೆ ಯಾವಾಗ, ಮುಖ್ಯ ಎಂಜಿನಿಯರ್‌ಗೆ ಯಾವ ಊರಿನ ಆರೋಗ್ಯಧಾಮದಲ್ಲಿ ಜಾಗ ಬೇಕು, ಎಲ್ಲ ಅವನ ತಲೆಯಲ್ಲಿ. ಅವನು ಕೇಳುತ್ತಿದ್ದದ್ದು ಬೇರೆಯವರ ಪಾಲನ್ನಲ್ಲ, ಬಹುತೇಕ ಸಲ ತನ್ನ ಕಾರ್ಖಾನೆಗೆ ನ್ಯಾಯವಾಗಿ ಹಂಚಿಕೆಯಾದದ್ದನ್ನೇ. ಪತ್ರಿಕೆಗಳು ಅವನನ್ನು ಬೈಯುತ್ತಿದ್ದವು, ತನಿಖೆಯವರು ಆಗಾಗ ಹಿಡಿಯುತ್ತಿದ್ದರು. ನನ್ನ ಅಭಿಪ್ರಾಯದಲ್ಲಿ ಗೋಸ್‌ಪ್ಲಾನ್‌ನ ತಖ್ತೆಗಳು ನೆಲದ ಮೇಲೆ ನಡೆದಾಡಿದ್ದೇ ಇವನ ಕಾಲಿನಿಂದ. ಅವನು ಆ ವ್ಯವಸ್ಥೆಗೆ ಅಂಟಿದ ರೋಗ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಮಾಲು ತಡವಾಗಿ ಬಂದರೆ ಕೆಲಸವೂ ತಡವಾಗುತ್ತದೆ. ತಿಂಗಳ ಮೊದಲ ಹತ್ತು ದಿನ ಶಾಪಿನಲ್ಲಿ ತೂಕಡಿಕೆ, ನಡುವಿನ ಹತ್ತು ದಿನ ಮೈಮುರಿಯೋದು, ಕೊನೆಯ ಹತ್ತು ದಿನ ಹಗಲು ರಾತ್ರಿ ಓವರ್‌ಟೈಮ್, ಭಾನುವಾರವೂ ಪಾಳಿ. ಮಾರ್ಚ್ ಕೊನೆಯ ವಾರ ನಿಮ್ಮಪ್ಪ ಮನೆಗೆ ಎಷ್ಟು ಹೊತ್ತಿಗೆ ಬರುತ್ತಿದ್ದರು ನೆನಪಿದೆಯಾ? ಅಲ್ಲಿ ಅಂಥ ಮಾರ್ಚ್ ಪ್ರತಿ ತಿಂಗಳೂ ಬರುತ್ತಿತ್ತು. ತಿಂಗಳ ಕೊನೆಯಲ್ಲಿ ಸ್ಕ್ರೂ ತಿರುಗಿಸಲು ಪುರುಸೊತ್ತಿಲ್ಲದೆ ಸುತ್ತಿಗೆಯಲ್ಲಿ ಹೊಡೆದು ಕೂರಿಸುತ್ತಾರೆ ಅನ್ನೋದು ಜನಜನಿತ ಮಾತು. ಹುಷಾರಾದ ಗಿರಾಕಿಗಳು ಟಿವಿ, ಫ್ರಿಜ್ ಕೊಳ್ಳುವಾಗ ತಯಾರಾದ ತಾರೀಖು ನೋಡುತ್ತಿದ್ದರು.

ಗುಣಮಟ್ಟ ನೋಡುವವರು ಇರಲಿಲ್ಲವಾ? ಇದ್ದರು, ಡೈರೆಕ್ಟರ್ ಕೈಕೆಳಗೆ. ಗುರಿ ತಪ್ಪಿದರೆ ಅವರ ಬೋನಸ್ಸೂ ಹೋಗುತ್ತಿತ್ತು. 1987ರ ಜನವರಿಯಲ್ಲಿ ಗೋರ್ಬಚೋವ್ ಸರ್ಕಾರ ಸುಮಾರು 1,500 ಕಾರ್ಖಾನೆಗಳಿಗೆ ಹೊರಗಿನ ಇನ್‌ಸ್ಪೆಕ್ಟರ್‌ಗಳನ್ನು ಕಳಿಸಿತು. ಅವರು ನಿಯಮ ಹಿಡಿದು ಮಾಲು ತಳ್ಳಿಹಾಕಿದರು. ಗುರಿ ತಪ್ಪಿತು, ಬೋನಸ್ ನಿಂತಿತು, ಕಾರ್ಮಿಕರು ಗರಂ ಆದರು. ಸ್ವಲ್ಪ ದಿನದಲ್ಲೇ ಆ ಬಿಗಿ ಸಡಿಲವಾಯಿತು. ತಗಡೇ ಸರಿಯಿಲ್ಲದಿದ್ದರೆ ಕೊನೆಯಲ್ಲಿ ನಿಂತ ಇನ್‌ಸ್ಪೆಕ್ಟರ್ ಏನು ಮಾಡುತ್ತಾನೆ?

ಗುರಿಯನ್ನು ಯಾವುದರಲ್ಲಿ ಅಳೆಯುತ್ತಾರೋ ಅದೇ ಮಾಲಾಗುತ್ತದೆ. ಮೊಳೆ ಕಾರ್ಖಾನೆಗೆ ತೂಕದಲ್ಲಿ ಗುರಿ ಕೊಟ್ಟಿದ್ದಕ್ಕೆ ಒಂದೇ ಒಂದು ದೈತ್ಯ ಮೊಳೆ ಮಾಡಿಟ್ಟರಂತೆ ಅನ್ನುವ ಕಥೆ ನೀವೂ ಕೇಳಿರಬಹುದು. ಅದು ನಡೆದ ಘಟನೆಯಲ್ಲ, ಕ್ರೊಕೊಡಿಲ್ ಅನ್ನುವ ಅಲ್ಲಿನ ವ್ಯಂಗ್ಯ ಪತ್ರಿಕೆಯ ಚಿತ್ರ. ಆದರೆ ತೂಗುದೀಪದ ಕಥೆ ನಿಜ. ತೂಕದಲ್ಲಿ ಗುರಿ ಇರುವುದರಿಂದ ತೂಗುದೀಪಗಳು ಮನೆಗೆ ಅಂದ ಕೊಡುವ ಬದಲು ಭಾರವಾಗುತ್ತಲೇ ಇವೆ ಅಂತ ಸ್ವತಃ ಕ್ರುಶ್ಚೇವ್ 1959ರಲ್ಲಿ ಬಹಿರಂಗವಾಗಿ ರೇಗಿದ್ದರು. ಖಾರ್ಕೊವ್‌ನ ಅರ್ಥಶಾಸ್ತ್ರಜ್ಞ ಯೆವ್ಸೈ ಲೀಬರ್‌ಮನ್ 1962ರಲ್ಲಿ, ಅಳತೆಗೋಲು ಲಾಭವಾಗಲಿ ಅಂತ ಪಕ್ಷದ ಪತ್ರಿಕೆ ಪ್ರಾವ್ದಾದಲ್ಲಿ ಬರೆದರು. 1965ರಲ್ಲಿ ಪ್ರಧಾನಿ ಕೊಸಿಗಿನ್ ತಂದ ಸುಧಾರಣೆಯಲ್ಲಿ ಅದರ ಒಂದು ಪಾಲು ಜಾರಿಗೆ ಬಂತು. ಒಟ್ಟು ಉತ್ಪಾದನೆಯ ಬದಲು ಮಾರಾಟ ಮತ್ತು ಲಾಭ. ಆದರೆ ಹಂಚಿಕೆ ಚೀಟಿ ಹಾಗೇ ಉಳಿಯಿತು, ಸರ್ಕಾರಿ ಬೆಲೆಯೂ ಹಾಗೇ ಉಳಿಯಿತು. ಕಾರ್ಖಾನೆಯ ಅಭಿವೃದ್ಧಿಗೆ ಅಂತ ಲಾಭದಲ್ಲಿ ಎತ್ತಿಟ್ಟ ಹಣ ಇದ್ದರೂ ಹೊಸ ಶೆಡ್ ಕಟ್ಟಲು ಇಟ್ಟಿಗೆ ಸಿಗಲಿಲ್ಲ. ಇಟ್ಟಿಗೆಗೂ ಚೀಟಿ ಬೇಕಿತ್ತಲ್ಲ.

ಕಾರ್ಮಿಕರ ವಿಷಯ ಹೊರಗಿನವರು ಅಂದುಕೊಂಡದ್ದಕ್ಕಿಂತ ಬೇರೆ. ಸ್ಟಾಲಿನ್ ಕಾಲದಲ್ಲಿ ಹಿಡಿತ ಭಯಂಕರವಾಗಿತ್ತು. 1940ರ ಜೂನ್ ಆದೇಶದ ಪ್ರಕಾರ ಅನುಮತಿಯಿಲ್ಲದೆ ಕೆಲಸ ಬಿಡುವುದು ಅಪರಾಧ, 20 ನಿಮಿಷಕ್ಕಿಂತ ತಡವಾದರೆ ಗೈರುಹಾಜರಿ ಅಂತ ಕೇಸು. ಅದು ರದ್ದಾದದ್ದು 1956ರಲ್ಲಿ. ಆಮೇಲೆ ತಕ್ಕಡಿ ತಿರುಗಿತು. ಸಂಘದ ಒಪ್ಪಿಗೆ ಇಲ್ಲದೆ ಯಾರನ್ನೂ ತೆಗೆಯುವ ಹಾಗಿಲ್ಲ, ತೆಗೆಯುವ ಆಸೆ ಡೈರೆಕ್ಟರ್‌ಗೂ ಇಲ್ಲ. ತಿಂಗಳ ಕೊನೆಯ ನೂಕುನುಗ್ಗಲಿಗೆ ಕೈಗಳು ಬೇಕು. ಶರತ್ಕಾಲದಲ್ಲಿ ಆಲೂಗಡ್ಡೆ ಕೀಳಲು ಸಾಮೂಹಿಕ ಜಮೀನಿಗೆ ಇಷ್ಟು ಜನ ಕಳಿಸಿ ಅಂತ ಪಕ್ಷದಿಂದ ಫೋನ್ ಬಂದಾಗಲೂ ಬೇಕು. ಲೇತ್ ಬಿಟ್ಟು ಎಂಜಿನಿಯರ್‌ಗಳೂ ಹೋಗುತ್ತಿದ್ದರು. ಎಲ್ಲ ಕಾರ್ಖಾನೆಗಳೂ ಜನರನ್ನು ಕೂಡಿಟ್ಟುಕೊಂಡರೆ ಎಲ್ಲೆಡೆ ಜನರ ಕೊರತೆ. ಬೇಜಾರಾದರೆ ಕಾರ್ಮಿಕ ರಸ್ತೆ ದಾಟಿ ಬೇರೆ ಕಾರ್ಖಾನೆ ಸೇರುತ್ತಿದ್ದ. 1960ರ ದಶಕದ ಕೊನೆಗೆ ವರ್ಷಕ್ಕೆ ಸುಮಾರು ಐವರಲ್ಲಿ ಒಬ್ಬ ಕೆಲಸ ಬದಲಾಯಿಸುತ್ತಿದ್ದ. ಅವನನ್ನು ಉಳಿಸಿಕೊಳ್ಳಲು ಮೇಸ್ತ್ರಿ ಪೀಸ್ ರೇಟಿನ ಲೆಕ್ಕವನ್ನು ಸ್ವಲ್ಪ ಉದಾರವಾಗಿ ಬರೆಯುತ್ತಿದ್ದ.

ಸಂಬಳ ಅಲ್ಲಿ ಅರ್ಧ ಕಥೆ ಮಾತ್ರ. ಮನೆಯ ಕ್ಯೂ ಕಾರ್ಖಾನೆಯದು, ಶಿಶುವಿಹಾರ ಕಾರ್ಖಾನೆಯದು, ಬೇಸಿಗೆ ಶಿಬಿರ, ಆರೋಗ್ಯಧಾಮ, ಹಬ್ಬದ ಮುಂಚೆ ಕೊಡುವ ಮಾಂಸ ಮತ್ತು ಚಹಾದ ಪೊಟ್ಟಣ, ಎಲ್ಲ ಕಾರ್ಖಾನೆಯದು. ಮಗ್ನಿತೊಗೊರ್ಸ್ಕ್‌ನಂಥ ಊರುಗಳು ಕಾರ್ಖಾನೆಗಾಗಿಯೇ ಹುಟ್ಟಿದವು. ಅಂಥ ಕಡೆ ಡೈರೆಕ್ಟರ್ ಅಂದರೆ ಅರ್ಧ ಮೇಯರ್. ಬೆಳಗ್ಗೆ ಉಕ್ಕಿನ ಸಭೆ, ಮಧ್ಯಾಹ್ನ ಯಾರಿಗೆ ಎರಡು ಕೋಣೆಯ ಮನೆ ಅನ್ನುವ ಸಭೆ.

ಜನ ಕಡಿಮೆ ಮಾಡುವ ಪ್ರಯತ್ನ ನಡೆದೇ ಇಲ್ಲ ಅಂತಲ್ಲ. ತೂಲಾ ಹತ್ತಿರದ ಶ್ಚೆಕಿನೊ ರಾಸಾಯನಿಕ ಕಾರ್ಖಾನೆಗೆ 1967ರಲ್ಲಿ ಒಂದು ವಿಶೇಷ ಒಪ್ಪಂದ ಸಿಕ್ಕಿತು. ಸಂಬಳದ ಒಟ್ಟು ಮೊತ್ತ ಕೆಲವು ವರ್ಷ ಬದಲಾಗುವುದಿಲ್ಲ, ಜನ ಕಡಿಮೆಯಾದರೆ ಉಳಿದ ಹಣವನ್ನು ಇದ್ದವರು ಹಂಚಿಕೊಳ್ಳಬಹುದು. ಸುಮಾರು ಸಾವಿರ ಹುದ್ದೆ ಕಡಿಮೆಯಾದವು, ಉತ್ಪಾದನೆ ಏರಿತು. ಎಲ್ಲರೂ ಹೊಗಳಿದರು. ಆಮೇಲೆ ಸಚಿವಾಲಯ ಅದೇ ಸಂಬಳದ ಮೊತ್ತಕ್ಕೆ ಕೈ ಹಾಕಿತು, ಗುರಿಯನ್ನೂ ಬದಲಾಯಿಸಿತು. ಬೇರೆ ಡೈರೆಕ್ಟರ್‌ಗಳು ಇದನ್ನು ನೋಡಿ ಏನು ಕಲಿತರು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಈಗ ನಿಮ್ಮಪ್ಪನ ಮಾತು. ಕ್ವಾರ್ಟರ್ಸ್, ಕ್ಯಾಂಟೀನ್, ಸಂಘ, ವರ್ಷಾಂತ್ಯದ ಓಟ, ಇವುಗಳಲ್ಲಿ ಹೋಲಿಕೆ ಇದ್ದದ್ದು ನಿಜ. ಸಿಮೆಂಟ್ ಪರ್ಮಿಟ್ ಕಾಲ ನೋಡಿದವರಿಗೆ ಹಂಚಿಕೆ ಚೀಟಿಯ ಅನುಭವವೂ ಸ್ವಲ್ಪ ಇದೆ. 1955ರ ಒಪ್ಪಂದದಂತೆ ಭಿಲಾಯಿ ಉಕ್ಕಿನ ಕಾರ್ಖಾನೆಯನ್ನು ಸೋವಿಯತ್ ನೆರವಿನಿಂದಲೇ ಕಟ್ಟಿದ್ದು. ಆದರೂ ಎರಡೂ ಒಂದೇ ಅಲ್ಲ. ಬೆಂಗಳೂರಿನ ಕಾರ್ಖಾನೆಗೆ ಬೋಲ್ಟ್ ಬೇಕಾದರೆ ಪೀಣ್ಯದ ಸಣ್ಣ ಶಾಪಿಗೆ ಆರ್ಡರ್ ಕೊಡಬಹುದಿತ್ತು. ಅಲ್ಲಿ ಪೀಣ್ಯ ಇರಲಿಲ್ಲ. ಇನ್ನೊಂದು ಉದಾಹರಣೆ ಎಚ್‌ಎಂಟಿ. 1961ರಿಂದ ಜಪಾನಿನ ಸಿಟಿಜನ್ ಜೊತೆ ಸೇರಿ ಕೈಗಡಿಯಾರ ಮಾಡಿ ದೇಶದ ಕೈಗೆ ಕಟ್ಟಿದ ಕಂಪನಿ. 1980ರ ದಶಕದಲ್ಲಿ ಪಕ್ಕದ ಹೊಸೂರಿನಲ್ಲಿ ಟೈಟಾನ್ ಬಂತು, ಕ್ವಾರ್ಟ್ಜ್ ಬಂತು, ಮಾರುಕಟ್ಟೆ ಕೈತಪ್ಪಿತು. ಅದು ನೋವಿನ ಕಥೆಯೇ. ಆದರೆ ಸೋವಿಯತ್ ಗಡಿಯಾರ ಕಾರ್ಖಾನೆಗೆ ತನ್ನ ಹೊಸೂರಿನ ಭಯವೇ ಇರಲಿಲ್ಲ. ಹೊಸ ಮಾದರಿ ಅಂದರೆ ಯಂತ್ರ ನಿಲ್ಲಿಸಬೇಕು, ಆ ತಿಂಗಳ ಗುರಿ ತಪ್ಪುತ್ತದೆ, ಬೋನಸ್ ಹೋಗುತ್ತದೆ. ಹಳೆಯದನ್ನೇ ಮಾಡುತ್ತಿದ್ದರೆ ಎಲ್ಲರಿಗೂ ಕ್ಷೇಮ. ನಷ್ಟವಾದರೆ ಸಚಿವಾಲಯ ಇನ್ನೊಂದು ಕಾರ್ಖಾನೆಯ ಲಾಭ ತೆಗೆದು ತುಂಬಿಸುತ್ತಿತ್ತು. ಮುಚ್ಚುವ ಭಯವಿಲ್ಲದ ಕಾರ್ಖಾನೆ ಎಷ್ಟು ಕೊಟ್ಟರೂ ಸಾಲದು ಅನ್ನುತ್ತಲೇ ಇರುತ್ತದೆ, ಕೊರತೆ ಹುಟ್ಟುವುದೇ ಅಲ್ಲಿ ಅಂತ ತೋರಿಸಿದವರು ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಷ್ ಕೊರ್ನಾಯ್. ನನಗೆ ಈ ವಿವರಣೆ ಇವತ್ತಿಗೂ ಎಲ್ಲಕ್ಕಿಂತ ಸರಿ ಅನ್ನಿಸುತ್ತದೆ.

ಕೊನೆಗೆ ಕಂಪ್ಯೂಟರ್. ಈ ಕನಸು ಅವರಿಗೂ ಬಿದ್ದಿತ್ತು. ಕೀವ್‌ನ ವಿಕ್ತೊರ್ ಗ್ಲುಶ್ಕೊವ್ 1960ರ ದಶಕದಲ್ಲೇ ಇಡೀ ದೇಶದ ಕಾರ್ಖಾನೆಗಳನ್ನು ಜೋಡಿಸುವ ಕಂಪ್ಯೂಟರ್ ಜಾಲದ ಯೋಜನೆ ಮುಂದಿಟ್ಟರು. 1970ರಲ್ಲಿ ನಾಯಕತ್ವ ಅದನ್ನು ಪೂರ್ಣ ರೂಪದಲ್ಲಿ ಒಪ್ಪಲಿಲ್ಲ. ಒಪ್ಪಿದ್ದರೂ ಕೂಡಿಸುವ ಕಳೆಯುವ ಲೆಕ್ಕ ಬೇಗ ಆಗುತ್ತಿತ್ತು ಅಷ್ಟೇ ಅನ್ನೋದು ನನ್ನ ಅನುಮಾನ. ಆ ಯಂತ್ರಕ್ಕೆ ಅಂಕಿ ತುಂಬಿಸುವವನು ಅದೇ ಡೈರೆಕ್ಟರ್, ನೂರಿದ್ದರೆ ಎಂಬತ್ತು ಅನ್ನುವವನು.

ಲೆಕ್ಕ ಸರಿಯಾದರೂ ಏನಾಗುತ್ತಿತ್ತು ಅನ್ನೋದಕ್ಕೆ ಒಂದು ಪ್ರಸಂಗವಿದೆ. ಲೆನಿನ್‌ಗ್ರಾದ್‌ನ ಗಣಿತಜ್ಞ ಲಿಯೊನಿದ್ ಕಂತೊರೊವಿಚ್ ಬಳಿ 1938ರಲ್ಲಿ ಒಂದು ಪ್ಲೈವುಡ್ ಸಂಸ್ಥೆಯವರು ಬಂದರು. ಯಾವ ಯಂತ್ರಕ್ಕೆ ಯಾವ ಮರ ಹಾಕಿದರೆ ಹೆಚ್ಚು ಕೆಲಸ ಆಗುತ್ತದೆ ಅನ್ನೋದು ಅವರ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಕಂತೊರೊವಿಚ್ ರೇಖೀಯ ಯೋಜನೆ ಅನ್ನುವ ಹೊಸ ಗಣಿತವನ್ನೇ ಕಟ್ಟಿದರು. 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. 1940ರ ದಶಕದ ಕೊನೆಯಲ್ಲಿ ಅವರೂ ಜ್ಯಾಮಿತಿಯ ಪಂಡಿತ ವಿಕ್ತೊರ್ ಜಲ್ಗಾಲೆರ್ ಅವರೂ ಇದೇ ಗಣಿತವನ್ನು ಲೆನಿನ್‌ಗ್ರಾದ್‌ನ ಯೆಗೊರೊವ್ ರೈಲು ಡಬ್ಬಿ ಕಾರ್ಖಾನೆಯಲ್ಲಿ ತಗಡು ಕತ್ತರಿಸಲು ಬಳಸಿದರು. ಚೂರು ಪಾರು ಹೋಗುತ್ತಿದ್ದ ಲೋಹ ಗಣನೀಯವಾಗಿ ಕಡಿಮೆಯಾಯಿತು. ಆಗ ತಕರಾರು ಬಂತಂತೆ. ಉಕ್ಕಿನ ಗಿರಣಿಗೆ ಇಷ್ಟು ಟನ್ ಚೂರು ಲೋಹ ಕೊಡಬೇಕು ಅನ್ನೋದೂ ಆ ಕಾರ್ಖಾನೆಯ ಗುರಿಗಳಲ್ಲಿ ಒಂದಾಗಿತ್ತು, ಅದು ಈಗ ತಪ್ಪಿಹೋಗಿತ್ತು. ಮುಂದಿನ ವರ್ಷ ತಗಡಿನ ಹಂಚಿಕೆಗೂ ಕತ್ತರಿ ಬೀಳುವುದಿತ್ತು, ಕಡಿಮೆಯಲ್ಲೇ ಆಗುತ್ತದೆ ಅಂತ ಅವರೇ ತೋರಿಸಿಕೊಟ್ಟಿದ್ದರಲ್ಲ.